ವಿದೇಶದಲ್ಲಿ ನರ್ಸ್ ಕೆಲಸ: ಮೊದಲು ಪರವಾನಗಿಯೋ, ಮೊದಲು ಪ್ರಾಯೋಜಕರೋ?

ಐಸಿಯು ನರ್ಸ್, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡು, ಈಗ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತಿದ್ದೇನೆ. ಊರು ಅರಸೀಕೆರೆಯ ಹತ್ತಿರ. ನಗರದ ಒಂದು ಏಜೆನ್ಸಿಯವರು ಅಮೆರಿಕದ ಕೆಲಸ, ಅಲ್ಲಿನ ನರ್ಸ್ ಪರವಾನಗಿಗೆ ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ, ವೀಸಾ ಎಲ್ಲವನ್ನೂ ತಾವೇ ನೋಡಿಕೊಳ್ಳುವುದಾಗಿ ಹೇಳುತ್ತಿದ್ದಾರೆ. ಅದಕ್ಕೆ ಈಗಲೇ ಒಂದೂವರೆ ಲಕ್ಷ ರೂಪಾಯಿ ಕಟ್ಟಬೇಕು, ಮೂಲ ಅಂಕಪಟ್ಟಿಗಳನ್ನು ಅವರ ಬಳಿ ಇಡಬೇಕು, ಮೂರು ವರ್ಷದ ಕರಾರಿಗೆ ಸಹಿ ಹಾಕಬೇಕು, ನಡುವೆ ಕೆಲಸ ಬಿಟ್ಟರೆ ಇಪ್ಪತ್ತು ಸಾವಿರ ಡಾಲರ್ ದಂಡ ಕೊಡಬೇಕು ಎನ್ನುವುದು ಅವರ ಷರತ್ತು. ಅಪ್ಪ ಜಮೀನಿನ ಮೇಲೆ ಸಾಲ ತೆಗೆಯಲು ಸಿದ್ಧರಿದ್ದಾರೆ. ಒಪ್ಪಿಕೊಳ್ಳಲು ನನಗೇ ಧೈರ್ಯ ಬರುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟು. ಪರೀಕ್ಷೆ ಬರೆದು ಪರವಾನಗಿಯನ್ನು ನಾನೇ ಪಡೆದು ಆಮೇಲೆ ಪ್ರಾಯೋಜಕರನ್ನು ಹುಡುಕಬೇಕೋ, ಅಥವಾ ಮೊದಲು ಪ್ರಾಯೋಜಕರನ್ನು ಹಿಡಿದು ಅವರ ಖರ್ಚಿನಲ್ಲಿ ಪರೀಕ್ಷೆ ಬರೆಯಬೇಕೋ? ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಬ್ರಿಟನ್‌ನಲ್ಲಿರುವ ಮಂಡ್ಯದ ನರ್ಸ್

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಪರವಾನಗಿ ನಿಮ್ಮದು, ಪ್ರಾಯೋಜಕತ್ವ ಉದ್ಯೋಗದಾತರದು. ನಿಮ್ಮ ಓದು, ನಿಮ್ಮ ಪರೀಕ್ಷೆ, ನಿಮ್ಮ ಇಂಗ್ಲಿಷ್ ಅಂಕಗಳನ್ನು ನೋಡಿ ಆಯಾ ದೇಶದ ನರ್ಸಿಂಗ್ ನಿಯಂತ್ರಣ ಸಂಸ್ಥೆ ನಿಮ್ಮ ಹೆಸರಿಗೆ ಕೊಡುವುದು ಪರವಾನಗಿ. ಉದ್ಯೋಗದಾತರು ಬದಲಾದರೂ ಅದು ನಿಮ್ಮ ಬಳಿಯೇ ಉಳಿಯುತ್ತದೆ. ಆ ದೇಶದ ವಲಸೆ ಇಲಾಖೆಯ ಮುಂದೆ ಉದ್ಯೋಗದಾತರು ನಿಮ್ಮ ಪರವಾಗಿ ಸಲ್ಲಿಸುವ ಅರ್ಜಿ ಪ್ರಾಯೋಜಕತ್ವ. ಅವರು ಕೈಬಿಟ್ಟರೆ ಅದೂ ಹೋಗುತ್ತದೆ. ಏಜೆನ್ಸಿಗಳು ಈ ಎರಡನ್ನೂ ಒಂದೇ ಪ್ಯಾಕೇಜ್ ಎಂಬಂತೆ ತೋರಿಸುತ್ತವೆ. ನಮ್ಮ ಹೆಣ್ಣುಮಕ್ಕಳು ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿಯೇ.

ಬ್ರಿಟನ್ನಿನ ಕ್ರಮವನ್ನು ಹೇಳುತ್ತೇನೆ. ಇಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ಗೆ, ಅಂದರೆ ಎನ್‌ಎಂಸಿಗೆ, ನೀವೇ ನೇರವಾಗಿ ಅರ್ಜಿ ಹಾಕಬಹುದು. ಐಇಎಲ್‌ಟಿಎಸ್ ಅಕಾಡೆಮಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಮಾತು ಮೂರರಲ್ಲೂ 7 ಮತ್ತು ಬರವಣಿಗೆಯಲ್ಲಿ 6.5 ಬರಬೇಕು. ಅದರ ಬದಲು ಆರೋಗ್ಯ ವೃತ್ತಿಯವರಿಗೆಂದೇ ಇರುವ ಓಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಬರೆದರೆ ಆ ಮೂರರಲ್ಲಿ ಬಿ ದರ್ಜೆ, ಬರವಣಿಗೆಯಲ್ಲಿ ಸಿ ಪ್ಲಸ್ ಸಾಕು. ರೋಗಿಯನ್ನು ಬೇರೆಡೆ ಕಳುಹಿಸುವ ಪತ್ರ ಬರೆಯುವುದು ನಮ್ಮ ನಿತ್ಯದ ಕೆಲಸವೇ ಆದ್ದರಿಂದ, ವಾರ್ಡಿನಲ್ಲಿ ದುಡಿದವರಿಗೆ ಓಇಟಿ ಹೆಚ್ಚು ಹೊಂದುತ್ತದೆ ಎನ್ನುವುದು ನನ್ನ ಅಭಿಪ್ರಾಯ. ನಂತರ ಭಾರತದಲ್ಲೇ ಕಂಪ್ಯೂಟರ್ ಪರೀಕ್ಷೆ ಬರೆಯಬೇಕು. ಅದರ ಮೊದಲ ಭಾಗ ಔಷಧದ ಲೆಕ್ಕ, ಎರಡನೆಯದು ಶುಶ್ರೂಷೆ. ಶುಲ್ಕ 83 ಪೌಂಡ್. ಕೊನೆಯ ಹಂತವಾದ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯನ್ನು ಇಲ್ಲಿಗೆ ಬಂದೇ ಕೊಡಬೇಕು. ಅದರಲ್ಲಿ 10 ಹಂತಗಳಿವೆ, ಶುಲ್ಕ 794 ಪೌಂಡ್. ಪ್ರಾಯೋಜಿತ ವೀಸಾದಲ್ಲಿ ಬಂದವರು ಕೆಲಸ ಆರಂಭಿಸಿದ 12 ವಾರಗಳೊಳಗೆ ಮೊದಲ ಸಲ ಓಸ್ಕಿಗೆ ಕೂರಬೇಕು, 8 ತಿಂಗಳೊಳಗೆ ಪೂರ್ಣ ನೋಂದಣಿ ಪಡೆಯಬೇಕು. ಅಲ್ಲಿಯವರೆಗೆ ಕೆಳಗಿನ ವೇತನಶ್ರೇಣಿಯಲ್ಲಿ ದುಡಿಯಬೇಕಾಗುತ್ತದೆ.

ಹೀಗಾಗಿ ಬ್ರಿಟನ್ನಿನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಇಂಗ್ಲಿಷ್ ಪರೀಕ್ಷೆ ಮತ್ತು ಕಂಪ್ಯೂಟರ್ ಪರೀಕ್ಷೆಯನ್ನು ನಿಮ್ಮ ಖರ್ಚಿನಲ್ಲೇ ಮುಗಿಸಿ, ಆಮೇಲೆ ಆಸ್ಪತ್ರೆಗಳಿಗೆ ಅರ್ಜಿ ಹಾಕಿ. ಓಸ್ಕಿಯ ವೆಚ್ಚವನ್ನು ಸರ್ಕಾರಿ ಆಸ್ಪತ್ರೆಗಳು ಬಹುಪಾಲು ತಾವೇ ಭರಿಸುತ್ತವೆ. ಕೆಲಸ ಹುಡುಕಿಕೊಟ್ಟಿದ್ದಕ್ಕಾಗಿ ಅಭ್ಯರ್ಥಿಯಿಂದ ಹಣ ಪಡೆಯುವುದನ್ನು ಇಲ್ಲಿನ 1973ರ ಉದ್ಯೋಗ ಏಜೆನ್ಸಿ ಕಾನೂನೇ ನಿಷೇಧಿಸಿದೆ. ಬ್ರಿಟನ್ನಿನ ಕೆಲಸಕ್ಕೆ ಯಾರಾದರೂ ನೇಮಕಾತಿ ಶುಲ್ಕ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ ಎದ್ದು ಬನ್ನಿ.

ಎನ್‌ಕ್ಲೆಕ್ಸ್ ಮುಗಿಸಿ ಕಾಯುತ್ತಿರುವ ನರ್ಸ್, ಬೆಂಗಳೂರು

ಅಮೆರಿಕದ ವಿಷಯದಲ್ಲಿ ಏಜೆನ್ಸಿಯವರು ನಿಮಗೆ ಹೇಳದೆ ಬಿಟ್ಟಿರಬಹುದಾದ ಮುಖ್ಯ ಸಂಗತಿಯೊಂದಿದೆ. ಎನ್‌ಕ್ಲೆಕ್ಸ್ ಕಷ್ಟವಾದರೂ ನಮ್ಮ ಕೈಯಲ್ಲಿರುವ ಸಂಗತಿ. ಬೆಂಗಳೂರಿನಲ್ಲೇ ಪರೀಕ್ಷಾ ಕೇಂದ್ರವಿದೆ; ನೋಂದಣಿಗೆ 200 ಡಾಲರ್, ಅಮೆರಿಕದ ಹೊರಗೆ ಬರೆಯುವುದಕ್ಕೆ ಇನ್ನೂ 150 ಡಾಲರ್ ಕಟ್ಟಬೇಕು. 2023ರ ಏಪ್ರಿಲ್‌ನಿಂದ ಬಂದಿರುವ ಹೊಸ ಮಾದರಿಯಲ್ಲಿ ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳಿರುತ್ತವೆ, ಸಮಯ 5 ಗಂಟೆ. ನಿಮ್ಮ ಉತ್ತರಗಳಿಗೆ ತಕ್ಕಂತೆ ಮುಂದಿನ ಪ್ರಶ್ನೆಯ ಕಾಠಿಣ್ಯ ಬದಲಾಗುತ್ತಾ ಹೋಗುತ್ತದೆ. ಒಬ್ಬ ರೋಗಿಯ ಪೂರ್ತಿ ವಿವರ ಕೊಟ್ಟು, ಯಾವ ಲಕ್ಷಣಕ್ಕೆ ಮೊದಲು ಗಮನ ಕೊಡುತ್ತೀರಿ, ಏಕೆ ಎಂದು ಹಂತಹಂತವಾಗಿ ಕೇಳುತ್ತಾರೆ. ಐಸಿಯುನಲ್ಲಿ ಕೆಲಸ ಮಾಡಿದ ನಿಮಗೆ ಅದು ಹೊಸದಲ್ಲ.

ನಮ್ಮ ಕೈಯಲ್ಲಿಲ್ಲದಿರುವುದು ವೀಸಾ. ನರ್ಸ್‌ಗಳು ಸಾಮಾನ್ಯವಾಗಿ ಹೋಗುವುದು ಇಬಿ-3 ಎಂಬ ವರ್ಗದ ಹಸಿರು ಕಾರ್ಡಿನ ಮೇಲೆ. ನರ್ಸ್‌ಗಳ ಕೊರತೆಯನ್ನು ಅಲ್ಲಿನ ಸರ್ಕಾರ ಮೊದಲೇ ಒಪ್ಪಿಕೊಂಡು 'ಶೆಡ್ಯೂಲ್ ಎ' ಪಟ್ಟಿಯಲ್ಲಿ ಸೇರಿಸಿರುವುದರಿಂದ, ಸ್ಥಳೀಯರು ಸಿಗುತ್ತಿಲ್ಲ ಎಂದು ಉದ್ಯೋಗದಾತರು ಬೇರೆಯಾಗಿ ಸಾಬೀತುಪಡಿಸಬೇಕಾಗಿಲ್ಲ. ಇದನ್ನೇ ಮುಂದಿಟ್ಟು 'ನರ್ಸ್‌ಗಳಿಗೆ ವೀಸಾ ಬೇಗ ಆಗುತ್ತದೆ' ಎಂದು ಪ್ರಚಾರ ಮಾಡುತ್ತಾರೆ. ಆದರೆ ಆ ವರ್ಗದಲ್ಲಿ ವರ್ಷಕ್ಕೆ ಸುಮಾರು 40,000 ವೀಸಾಗಳು ಮಾತ್ರ ಇವೆ, ಅವು ಎಲ್ಲ ವೃತ್ತಿಯವರಿಗೂ ಅವರ ಕುಟುಂಬದವರಿಗೂ ಸೇರಿ ಇರುವಂಥವು, ಅದರ ಮೇಲೆ ಒಂದೊಂದು ದೇಶಕ್ಕೆ ಶೇ. 7ರ ಮಿತಿಯೂ ಇದೆ. ಸಾಫ್ಟ್‌ವೇರ್ ಎಂಜಿನಿಯರುಗಳೂ ನಾವೂ ಒಂದೇ ಸಾಲಿನಲ್ಲಿ ನಿಂತಿದ್ದೇವೆ. 2025ರಲ್ಲಿ ಭಾರತೀಯರಿಗೆ ಈ ವರ್ಗದ ಅಂತಿಮ ದಿನಾಂಕ ಇನ್ನೂ 2013ರಲ್ಲೇ ಇತ್ತು. ಅಂದರೆ ಹನ್ನೆರಡು ವರ್ಷಗಳ ಹಿಂದೆ ಅರ್ಜಿ ಹಾಕಿದವರ ಸರದಿ ಆಗ ಬರುತ್ತಿತ್ತು.

ಗಮನಿಸಿ, ಈ ಸಾಲು ಹುಟ್ಟಿದ ದೇಶದ ಲೆಕ್ಕದ್ದು, ಪೌರತ್ವದ್ದಲ್ಲ. ಬ್ರಿಟನ್ನಿನ ಪಾಸ್‌ಪೋರ್ಟ್ ಪಡೆದರೂ ಅರಸೀಕೆರೆಯಲ್ಲಿ ಹುಟ್ಟಿದವರು ಭಾರತದ ಸಾಲಿನಲ್ಲೇ ಇರುತ್ತಾರೆ. ಪತಿ ಅಥವಾ ಪತ್ನಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಮಾತ್ರ ಅವರ ದೇಶದ ಸಾಲಿಗೆ ಸೇರಲು ಅವಕಾಶವಿದೆ. ಉದ್ಯೋಗದಾತರು ನಿಮಗಾಗಿ ಹಾಕುವ ಐ-140 ಎಂಬ ವಲಸೆ ಅರ್ಜಿ ಒಮ್ಮೆ ಮಂಜೂರಾದರೆ, ವಂಚನೆಯಂಥ ಕಾರಣಕ್ಕೆ ಅದು ರದ್ದಾಗದ ಹೊರತು, ಸಾಲಿನಲ್ಲಿ ನಿಮ್ಮ ಜಾಗವನ್ನು ಗುರುತಿಸುವ ಆದ್ಯತಾ ದಿನಾಂಕವನ್ನು ಮುಂದೆ ಬೇರೆ ಉದ್ಯೋಗದಾತರ ಅರ್ಜಿಗೂ ಒಯ್ಯಬಹುದು. ಆದ್ದರಿಂದ ಇಂದೇ ಸಾಲಿನಲ್ಲಿ ನಿಲ್ಲುವುದರಲ್ಲಿ ಅರ್ಥವಿದೆ. ಮುಂದಿನ ವರ್ಷ ವಿಮಾನ ಹತ್ತುತ್ತೇನೆಂದು ನಂಬಿ ಜಮೀನಿನ ಮೇಲೆ ಸಾಲ ತೆಗೆಯುವುದರಲ್ಲಿ ಅರ್ಥವಿಲ್ಲ.

ವಲಸೆ ಕಾನೂನು ಬಲ್ಲವರು, ಜಯನಗರ

ಒಂದೂವರೆ ಲಕ್ಷದ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ನೇಮಕಾತಿ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಏಜೆಂಟರ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಬೆಂಗಳೂರಿನಲ್ಲೇ ವಲಸಿಗರ ಸಂರಕ್ಷಣಾಧಿಕಾರಿಯ ಕಚೇರಿ ಇದೆ, ದೂರು ಅಲ್ಲಿಗೆ ಕೊಡಬಹುದು. ಹಲವರು 'ನಾವು ನೇಮಕಾತಿ ಮಾಡುವುದಿಲ್ಲ, ಸಲಹೆ ಮತ್ತು ತರಬೇತಿ ಕೊಡುತ್ತೇವೆ' ಎಂದು ರಸೀದಿಯಲ್ಲಿ ಬರೆದು ಈ ಮಿತಿಯಿಂದ ತಪ್ಪಿಸಿಕೊಳ್ಳುತ್ತಾರೆ. ರಸೀದಿಯಲ್ಲಿ ಏನು ಬರೆದಿದೆ ಎಂದು ಓದಿದ ಮೇಲೆಯೇ ಹಣ ಕೊಡಿ. ಮೂಲ ಪ್ರಮಾಣಪತ್ರಗಳನ್ನು ಯಾವ ಕಾರಣಕ್ಕೂ ಕೊಡಬೇಡಿ. ಪರಿಶೀಲನೆಗೆ ಬೇಕಾದದ್ದು ಪ್ರತಿಗಳು ಮತ್ತು ವಿಶ್ವವಿದ್ಯಾಲಯದಿಂದ ನೇರವಾಗಿ ಹೋಗುವ ದಾಖಲೆಗಳು.

ನರ್ಸಿಂಗ್ ಕಾಲೇಜಿನ ಬೋಧಕಿ, ಬೆಂಗಳೂರು

ದಾಖಲೆಗಳ ಬಗ್ಗೆ ನಾನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಪರೀಕ್ಷೆಯಲ್ಲಿ ಸೋತು ನಿಂತ ವಿದ್ಯಾರ್ಥಿನಿಯರಿಗಿಂತ ದಾಖಲೆಗಳಲ್ಲಿ ಸಿಕ್ಕಿಕೊಂಡು ನಿಂತವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ನಮ್ಮ ಕಡೆಯ ದೊಡ್ಡ ತೊಡಕು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ಹೆಸರಿನ ಹಿಂದೆ ಇರುತ್ತದೆ, ಕಾಲೇಜಿನ ದಾಖಲೆಯಲ್ಲಿ ಊರಿನ ಅಕ್ಷರವೂ ಸೇರಿ ಎರಡಾಗುತ್ತವೆ, ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಉಳಿಯುತ್ತದೆ ಅಥವಾ ತಂದೆಯ ಪೂರ್ಣ ಹೆಸರು ಅಲ್ಲಿ ಕೂರುತ್ತದೆ, ಮದುವೆಯಾದ ಮೇಲೆ ಆಧಾರ್ ಕಾರ್ಡಿನಲ್ಲಿ ಗಂಡನ ಹೆಸರು ಬರುತ್ತದೆ. ಇವೆಲ್ಲ ಒಬ್ಬರೇ ಎಂದು ನಮಗೆ ಗೊತ್ತು, ವಿದೇಶದ ಪರಿಶೀಲಕರಿಗೆ ಗೊತ್ತಾಗುವುದಿಲ್ಲ. ಎನ್‌ಕ್ಲೆಕ್ಸ್‌ನ ಪ್ರವೇಶ ಪತ್ರದ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದದಿದ್ದರೆ ಪರೀಕ್ಷಾ ಕೇಂದ್ರದಿಂದಲೇ ವಾಪಸು ಕಳುಹಿಸುತ್ತಾರೆ, ಕಟ್ಟಿದ ಹಣವೂ ಹೋಗುತ್ತದೆ. ಯಾವ ಅರ್ಜಿ ಹಾಕುವುದಕ್ಕೂ ಮೊದಲು ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿ ಹೆಸರು, ಜನ್ಮದಿನಾಂಕಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಅಫಿಡವಿಟ್ ಅಥವಾ ರಾಜ್ಯಪತ್ರದ (ಗೆಜೆಟ್) ಪ್ರಕಟಣೆಯ ಮೂಲಕ ಮೊದಲೇ ಸರಿಪಡಿಸಿಕೊಳ್ಳಿ.

ಎರಡನೆಯದು ಗಂಟೆಗಳ ಲೆಕ್ಕ. ಅಮೆರಿಕಕ್ಕೆ ಹೋಗುವವರ ಓದನ್ನು ಪರಿಶೀಲಿಸುವ ಸಂಸ್ಥೆ, 1977ರಿಂದ ಸಿಜಿಎಫ್‌ಎನ್‌ಎಸ್ ಎಂದು ಹೆಸರಾಗಿದ್ದು 2025ರಲ್ಲಿ ಟ್ರೂಮೆರಿಟ್ ಎಂದು ಹೆಸರು ಬದಲಿಸಿಕೊಂಡಿದೆ. ವೈದ್ಯಕೀಯ, ಶಸ್ತ್ರಚಿಕಿತ್ಸಾ, ಮಕ್ಕಳ, ಹೆರಿಗೆ, ಮಾನಸಿಕ ಶುಶ್ರೂಷೆಗಳಲ್ಲಿ ತರಗತಿಯ ಪಾಠ ಎಷ್ಟು ಗಂಟೆ, ವಾರ್ಡಿನ ಕೆಲಸ ಎಷ್ಟು ಗಂಟೆ ಎಂಬುದನ್ನು ಅವರು ಬೇರೆಬೇರೆಯಾಗಿ ನೋಡುತ್ತಾರೆ. ಕ್ಯಾಲಿಫೋರ್ನಿಯಾದಂತಹ ರಾಜ್ಯಗಳು ಪಾಠವೂ ವಾರ್ಡಿನ ಕೆಲಸವೂ ಒಂದೇ ಅವಧಿಯಲ್ಲಿ ನಡೆದಿರಬೇಕು ಎನ್ನುತ್ತವೆ. ಹಾಗಾಗಿ ಯಾವ ರಾಜ್ಯದ ಮಂಡಳಿಗೆ ಅರ್ಜಿ ಹಾಕುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಕಾಲೇಜಿನಿಂದ ವಿವರ ಪಟ್ಟಿ ಕೇಳಿ. ಕಾಲೇಜು ಮುಚ್ಚಿಹೋಗಿದ್ದರೆ ಅಥವಾ ಹೆಸರು ಬದಲಿಸಿದ್ದರೆ ಅದಕ್ಕೆ ವಿಶ್ವವಿದ್ಯಾಲಯದ ಪತ್ರ ಬೇಕಾಗುತ್ತದೆ. 2017ರಲ್ಲಿ ಕರ್ನಾಟಕದ ಕಾಲೇಜುಗಳಿಗೆ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಬೇಕೋ ಬೇಡವೋ ಎಂಬ ವಿವಾದ ಉಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ಆ ಆಸುಪಾಸಿನಲ್ಲಿ ಓದಿದವರು ತಮ್ಮ ಕಾಲೇಜಿನ ಮಾನ್ಯತೆಯ ಪತ್ರಗಳನ್ನೂ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯದಾಗಿ, ರಾಜ್ಯ ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿರಲಿ. ನಿಮ್ಮ ಮೇಲೆ ಯಾವ ಶಿಸ್ತುಕ್ರಮವೂ ಇಲ್ಲ ಎಂಬ ಪತ್ರವನ್ನು ಪರಿಷತ್ತು ನೇರವಾಗಿ ವಿದೇಶಕ್ಕೆ ಕಳುಹಿಸಬೇಕು. ನೋಂದಣಿಯ ಅವಧಿ ಮುಗಿದಿದ್ದರೆ ಆ ಕೆಲಸ ನಿಂತುಬಿಡುತ್ತದೆ.

ಕೊಲ್ಲಿಯಿಂದ ಮರಳಿದ ನರ್ಸ್, ಮಂಗಳೂರು

ಮೇಲಿನವರ ಮಾತನ್ನು ಗೌರವಿಸಿಯೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಎಲ್ಲರಿಗೂ ತಮ್ಮ ಖರ್ಚಿನಲ್ಲಿ ಇಂಗ್ಲಿಷ್ ಪರೀಕ್ಷೆ, ಪರಿಶೀಲನೆ, ಎನ್‌ಕ್ಲೆಕ್ಸ್ ಎಲ್ಲವನ್ನೂ ಮುಗಿಸುವ ಶಕ್ತಿ ಇರುವುದಿಲ್ಲ. ಮನೆಯಲ್ಲಿ ತಂಗಿಯ ಓದು, ತಮ್ಮನ ಓದು ಬಾಕಿ ಇರುವವರು ಮೊದಲು ಕೊಲ್ಲಿಗೆ ಹೋಗಿ ದುಡಿದು, ಅಲ್ಲಿಂದಲೇ ಮುಂದಿನ ಪರೀಕ್ಷೆಗೆ ಓದುವುದು ನಾನು ಕಂಡ ಹೆಚ್ಚಿನವರ ದಾರಿ. ಅಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುತ್ತಾರೆ, ಪರವಾನಗಿಗೆ ಪ್ರೊಮೆಟ್ರಿಕ್ ಎಂಬ ಕಂಪ್ಯೂಟರ್ ಪರೀಕ್ಷೆ ಇರುತ್ತದೆ, ಡೇಟಾಫ್ಲೋ ಎಂಬ ಸಂಸ್ಥೆ ನಿಮ್ಮ ಪ್ರಮಾಣಪತ್ರಗಳನ್ನು ಅವುಗಳನ್ನು ಕೊಟ್ಟವರ ಬಳಿಯೇ ಕೇಳಿ ಖಚಿತಪಡಿಸಿಕೊಳ್ಳುತ್ತದೆ. ದುಬೈ, ಅಬುಧಾಬಿ, ಸೌದಿ, ಕತಾರ್‌ಗಳ ಪ್ರಾಧಿಕಾರಗಳು ಬೇರೆಬೇರೆಯಾಗಿವೆ. ದುಬೈ ಪರವಾನಗಿ ಇದ್ದ ಮಾತ್ರಕ್ಕೆ ಸೌದಿಯಲ್ಲಿ ಕೆಲಸ ಮಾಡಲಾಗುವುದಿಲ್ಲ.

ಆದರೆ ಅಲ್ಲಿಯೂ ಹಣದ ಬಗ್ಗೆ ಎಚ್ಚರ ಬೇಕು. ಕುವೈತ್ ನೇಮಕಾತಿಯಲ್ಲಿ 19,500 ರೂಪಾಯಿ ಮಾತ್ರ ಪಡೆಯಬೇಕಿದ್ದ ಕೊಚ್ಚಿಯ ಏಜೆನ್ಸಿಯೊಂದು ಒಬ್ಬೊಬ್ಬ ನರ್ಸ್‌ನಿಂದ ಸುಮಾರು 20 ಲಕ್ಷದವರೆಗೆ ವಸೂಲು ಮಾಡಿದ್ದು 2015ರಲ್ಲಿ ಬಯಲಾಗಿ ಸಿಬಿಐ ಪ್ರಕರಣವಾಯಿತು. ಅದೇ ವರ್ಷ, ವಲಸೆ ತಪಾಸಣೆ ಕಡ್ಡಾಯವಿರುವ ದೇಶಗಳಿಗೆ ನರ್ಸ್‌ಗಳ ನೇಮಕಾತಿಯನ್ನು ಕೇಂದ್ರ ಸರ್ಕಾರ ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಸಬೇಕೆಂದು ಆದೇಶಿಸಿತು. ಕೇರಳ ಸರ್ಕಾರದ ನೇಮಕಾತಿ ಸಂಸ್ಥೆಗಳಾದ ನೋರ್ಕಾ ಮತ್ತು ಒಡೆಪೆಕ್‌ಗಳ ಹೆಸರು ನಮ್ಮ ಹುಡುಗಿಯರಿಗೂ ಪರಿಚಿತವಾದದ್ದು ಹೀಗೆಯೇ. ನಮ್ಮ ರಾಜ್ಯದಲ್ಲೂ ಕೌಶಲ್ಯ ಅಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಖಾಸಗಿಯವರ ಬಾಗಿಲಿಗೆ ಹೋಗುವ ಮೊದಲು ಅಲ್ಲಿ ಒಮ್ಮೆ ವಿಚಾರಿಸಿ.

ಜಿಲ್ಲಾ ಆಸ್ಪತ್ರೆಯ ಶುಶ್ರೂಷಾಧಿಕಾರಿ

ಎಲ್ಲರೂ ಹೊರಡುವ ದಾರಿಯನ್ನೇ ಹೇಳುತ್ತಿದ್ದೀರಿ. ನಮ್ಮ ವಾರ್ಡುಗಳಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬಳೇ ನಿಂತು ನೋಡಿಕೊಳ್ಳುವ ರೋಗಿಗಳ ಬಗ್ಗೆಯೂ ಯಾರಾದರೂ ಯೋಚಿಸಬೇಕಲ್ಲವೇ? ಸರ್ಕಾರಿ ಹುದ್ದೆಗೆ ಪ್ರಯತ್ನಿಸಿ ಎಂದು ಈ ತಂಗಿಗೆ ಯಾರೂ ಹೇಳಲಿಲ್ಲ.

ಬ್ರಿಟನ್‌ನಲ್ಲಿರುವ ಮಂಡ್ಯದ ನರ್ಸ್

ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ನಾನೂ ಅಂಥ ವಾರ್ಡಿನಲ್ಲಿ ದುಡಿದವಳೇ. ಆದರೆ ಹೊರಡುವವರ ಮೇಲೆ ತಪ್ಪು ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿಯು 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ನರ್ಸ್‌ಗಳಿಗೆ ಸರ್ಕಾರಿ ವೇತನಕ್ಕೆ ಸಮನಾಗಿ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ ಕನಿಷ್ಠ 20,000 ರೂಪಾಯಿ ಕೊಡಬೇಕು ಎಂದು ಶಿಫಾರಸು ಮಾಡಿತು. ಬೆಂಗಳೂರಿನ ಎಷ್ಟು ನರ್ಸಿಂಗ್ ಹೋಮ್‌ಗಳು ಅದನ್ನು ಪಾಲಿಸುತ್ತಿವೆ ಎಂಬುದನ್ನು ಅಲ್ಲಿ ದುಡಿಯುವವರನ್ನೇ ಕೇಳಿ ನೋಡಿ. ಆ ವೇತನ ಸಿಕ್ಕಿದ್ದರೆ ನನ್ನ ಜೊತೆ ಓದಿದ ಅನೇಕರು ಊರು ಬಿಡುತ್ತಿರಲಿಲ್ಲ.

ಐಸಿಯು ನರ್ಸ್, ಬೆಂಗಳೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಸರ್ಕಾರಿ ಹುದ್ದೆಗೂ ಅರ್ಜಿ ಹಾಕುತ್ತೇನೆ, ಅದನ್ನು ಬಿಟ್ಟಿಲ್ಲ. ಏಜೆನ್ಸಿಗೆ ಹಣ ಕೊಡುವುದಿಲ್ಲ ಎಂದು ಅಪ್ಪನಿಗೆ ಹೇಳಿಬಿಟ್ಟೆ. ನನ್ನ ಅಂಕಪಟ್ಟಿಗೂ ಪಾಸ್‌ಪೋರ್ಟಿಗೂ ಹೆಸರಿನಲ್ಲಿ ವ್ಯತ್ಯಾಸವಿರುವುದು ಬೋಧಕಿಯವರ ಮಾತು ಓದಿದ ಮೇಲೆಯೇ ಗಮನಕ್ಕೆ ಬಂತು. ಇನ್ನೆರಡು ಸಂದೇಹಗಳಿವೆ. ಜರ್ಮನಿಗೆ ಇಂಗ್ಲಿಷ್ ಪರೀಕ್ಷೆಯೇ ಬೇಡ, ಹಣವೂ ಬೇಡ ಎನ್ನುತ್ತಾರಲ್ಲ, ಅದು ನಿಜವೇ? ಕೆಲಸ ಬಿಟ್ಟರೆ ದಂಡ ಎನ್ನುವ ಷರತ್ತು ನಿಜವಾದ ಆಸ್ಪತ್ರೆಗಳ ಕರಾರಿನಲ್ಲೂ ಇರುತ್ತದೆಯೇ?

ಜರ್ಮನ್ ಕಲಿಯುತ್ತಿರುವ ನರ್ಸ್, ಇಂದಿರಾನಗರ

ಇಂಗ್ಲಿಷ್ ಪರೀಕ್ಷೆ ಬೇಡ ಎನ್ನುವುದು ನಿಜ, ಅದರ ಜಾಗದಲ್ಲಿ ಜರ್ಮನ್ ಬೇಕು. ಹೊರಡುವ ಹೊತ್ತಿಗೆ ಸಾಮಾನ್ಯವಾಗಿ ಬಿ1 ಎಂಬ ಮಧ್ಯಮ ಭಾಷಾ ಮಟ್ಟ, ಪೂರ್ಣ ನರ್ಸ್ ಆಗಿ ಮಾನ್ಯತೆ ಪಡೆಯಲು ಬಹುತೇಕ ಅದರ ಮೇಲಿನ ಬಿ2 ಮಟ್ಟ. ಇಂದಿರಾನಗರದ ಸಿಎಂಎಚ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ತರಗತಿಗಳೂ ಪರೀಕ್ಷೆಗಳೂ ಇವೆ. ನಿಮ್ಮ ಓದನ್ನು ಅಲ್ಲಿನ ರಾಜ್ಯದ ಪ್ರಾಧಿಕಾರ ಹೋಲಿಸಿ ನೋಡಿ, ಏನು ಕೊರತೆಯಿದೆ ಎಂದು ಪತ್ರ ಕೊಡುತ್ತದೆ. ಆ ಕೊರತೆಯನ್ನು ಅಲ್ಲಿಗೆ ಹೋದ ಮೇಲೆ ಜ್ಞಾನ ಪರೀಕ್ಷೆ ಬರೆದು ಅಥವಾ ಹೊಂದಾಣಿಕೆಯ ತರಬೇತಿ ಪಡೆದು ತುಂಬಬೇಕು. ಅಲ್ಲಿಯವರೆಗೆ ಸಹಾಯಕಿಯಾಗಿಯೇ ಕೆಲಸ. ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆ ಮತ್ತು ಅಲ್ಲಿನ ಅಭಿವೃದ್ಧಿ ಸಹಕಾರ ಸಂಸ್ಥೆ ಜಿಐಝಡ್ ಸೇರಿ ನಡೆಸುವ 'ಟ್ರಿಪಲ್ ವಿನ್' ಯೋಜನೆಯಲ್ಲಿ ಅಭ್ಯರ್ಥಿಗಳಿಂದ ನೇಮಕಾತಿ ಶುಲ್ಕ ತೆಗೆದುಕೊಳ್ಳುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಕೇರಳ ಅದಕ್ಕೆ ಒಪ್ಪಂದ ಮಾಡಿಕೊಂಡಿತು. ರಾತ್ರಿ ಪಾಳಿ ಮುಗಿಸಿ ಬಂದು ವ್ಯಾಕರಣ ಓದುವುದು ಸುಲಭವಲ್ಲ ಎಂಬುದನ್ನು ಮಾತ್ರ ಮೊದಲೇ ತಿಳಿದಿರಿ. ಪಾಳಿಗಳನ್ನು ಹೊಂದಿಸಿಕೊಡುವ ಮೇಲ್ವಿಚಾರಕರಿಲ್ಲದಿದ್ದರೆ ಬಿ2 ತಲುಪುವ ಮೊದಲೇ ಅನೇಕರು ಬಿಡುತ್ತಾರೆ.

ವಲಸೆ ಕಾನೂನು ಬಲ್ಲವರು, ಜಯನಗರ

ದಂಡದ ಷರತ್ತಿನ ಬಗ್ಗೆ. ನಿಜವಾದ ಆಸ್ಪತ್ರೆಗಳ ಕರಾರಿನಲ್ಲೂ ಹಣ ಮರುಪಾವತಿಯ ಷರತ್ತು ಇರುತ್ತದೆ. ಅದು ಇದ್ದ ಮಾತ್ರಕ್ಕೆ ಮೋಸ ಎನ್ನಲಾಗುವುದಿಲ್ಲ. ನೋಡಬೇಕಾದದ್ದು ಅದರ ಸ್ವರೂಪವನ್ನು. ಆಸ್ಪತ್ರೆ ನಿಮ್ಮ ವಿಮಾನ ಟಿಕೆಟ್, ಪರೀಕ್ಷಾ ಶುಲ್ಕಗಳಿಗೆ ನಿಜವಾಗಿ ಎಷ್ಟು ಖರ್ಚು ಮಾಡಿದೆಯೋ ಅಷ್ಟನ್ನು ಮಾತ್ರ ಲೆಕ್ಕ ಬರೆದು ತೋರಿಸಿ, ನೀವು ದುಡಿದ ತಿಂಗಳುಗಳಿಗೆ ತಕ್ಕಂತೆ ಅದನ್ನು ಇಳಿಸುತ್ತಾ ಬರುವುದು ಒಪ್ಪಬಹುದಾದ ಷರತ್ತು. ಬ್ರಿಟನ್ನಿನ ಅಂತರರಾಷ್ಟ್ರೀಯ ನೇಮಕಾತಿ ನೀತಿಸಂಹಿತೆಯೂ ಪಾರದರ್ಶಕತೆ ಮತ್ತು ಪ್ರಮಾಣಬದ್ಧತೆಯನ್ನೇ ಕೇಳುತ್ತದೆ. ಮೊದಲ ದಿನ ಬಿಟ್ಟರೂ ಕೊನೆಯ ತಿಂಗಳು ಬಿಟ್ಟರೂ ಒಂದೇ ದೊಡ್ಡ ಮೊತ್ತ ಎಂದರೆ ಅದು ಖರ್ಚಿನ ಮರುಪಾವತಿಯಲ್ಲ, ನಿಮ್ಮನ್ನು ಹಿಡಿದಿಡುವ ಉಪಾಯ. 2019ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವು ಫಿಲಿಪ್ಪೀನ್ಸ್‌ನ ನರ್ಸ್‌ಗಳು ಹೂಡಿದ ಮೊಕದ್ದಮೆಯಲ್ಲಿ, ಅವಧಿಗೆ ಮುನ್ನ ಬಿಟ್ಟರೆ 25,000 ಡಾಲರ್ ಎಂಬ ಇಂಥದೇ ಷರತ್ತನ್ನು ಜಾರಿಗೊಳಿಸಲಾಗದು ಎಂದು ಹೇಳಿ, ಬಲವಂತದ ದುಡಿಮೆಯ ವಿರುದ್ಧದ ಕಾನೂನಿನ ಉಲ್ಲಂಘನೆಯಾಗಿದೆ ಎಂದು ತೀರ್ಪು ಕೊಟ್ಟಿತು.

ಆ ಏಜೆನ್ಸಿಯ ಕರಾರಿನಲ್ಲಿ ಉದ್ಯೋಗದಾತ ಆಸ್ಪತ್ರೆಯ ಹೆಸರು, ಊರು, ಗಂಟೆಯ ಸಂಬಳ ಬರೆದಿದೆಯೇ ನೋಡಿ. ನನ್ನ ಬಳಿ ಬಂದ ಕರಾರುಗಳಲ್ಲಿ ಆ ಜಾಗ ಖಾಲಿ ಇದ್ದದ್ದೇ ಹೆಚ್ಚು.

ಐಸಿಯು ನರ್ಸ್, ಬೆಂಗಳೂರು

ಈಗಷ್ಟೇ ತೆಗೆದು ನೋಡಿದೆ. ಆಸ್ಪತ್ರೆಯ ಹೆಸರಿಲ್ಲ, 'ಅಮೆರಿಕದ ಯಾವುದೇ ರಾಜ್ಯದಲ್ಲಿ' ಎಂದಷ್ಟೇ ಇದೆ. ಸಂಬಳದ ಅಂಕಿಯೂ ಇಲ್ಲ. ಮೊದಲು ಹೆಸರಿನ ತಿದ್ದುಪಡಿ ಮುಗಿಸಿ ಓಇಟಿಗೆ ಓದಲು ಶುರುಮಾಡುತ್ತೇನೆ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮಾಡಿರುವ ನನ್ನ ಗೆಳತಿಯೂ ಇದೇ ದಾರಿಯಲ್ಲಿ ಬರಬಹುದೇ?

ನರ್ಸಿಂಗ್ ಕಾಲೇಜಿನ ಬೋಧಕಿ, ಬೆಂಗಳೂರು

ಖಂಡಿತ ಬರಬಹುದು. ಜಿಎನ್‌ಎಂ ಮಾಡಿ ರಾಜ್ಯ ಪರಿಷತ್ತಿನಲ್ಲಿ ನೋಂದಣಿಯಾದವರು ಎನ್‌ಎಂಸಿಗೆ ಅರ್ಜಿ ಹಾಕಬಹುದು, ಅಮೆರಿಕದ ಹಲವು ರಾಜ್ಯಗಳ ಎನ್‌ಕ್ಲೆಕ್ಸ್‌ಗೂ ಕೂರಬಹುದು. ಅವರ ಅಂಕಪಟ್ಟಿಗಳು ವಿಶ್ವವಿದ್ಯಾಲಯದವಲ್ಲ, ಡಿಪ್ಲೊಮಾ ಪರೀಕ್ಷಾ ಮಂಡಳಿಯವು. ಆದ್ದರಿಂದ ಪರಿಶೀಲನೆಗೆ ಆ ಮಂಡಳಿಯನ್ನೇ ಕೇಳಿಕೊಳ್ಳಲು ಹೇಳಿ. ಓಇಟಿ, ಐಇಎಲ್‌ಟಿಎಸ್ ಅಂಕಗಳು ಎರಡು ವರ್ಷ ಮಾತ್ರ ನಡೆಯುವುದರಿಂದ ಇಬ್ಬರೂ ದಾಖಲೆಗಳ ಕೆಲಸ ಒಂದು ಹಂತಕ್ಕೆ ಬಂದ ಮೇಲೆಯೇ ಪರೀಕ್ಷೆಯ ದಿನಾಂಕ ಗೊತ್ತುಮಾಡಿ. ಓದುವುದನ್ನು ಇಂದೇ ಆರಂಭಿಸಬಹುದು.